ನೆಲ ನಡುಗಿದ ಮೇಲೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಸೀಮೆ ಕಲ್ಲಿನ ಸೀಮೆ. ಇಲ್ಲಿಯ ನೆಲದ ಅಡಿಯಲ್ಲಿ ಸುಣ್ಣಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ಶಹಾಬಾದ ಕಲ್ಲೆಂದು ಹೆಸರಾದ ಹಾಸುಗಲ್ಲು ದೂರದೂರದ ಮನೆಗಳಿಗೂ ನೆಲವಾಗಿದೆ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಈ ಸುಣ್ಣಕಲ್ಲನ್ನು ನಂಬಿಯೇ ನಡೆಯುತ್ತವೆ. ಏನು ಕದಲಿದರೂ ಕಾಲ ಕೆಳಗಿನ ನೆಲ ಕದಲದು ಎಂಬುದು ಮನುಷ್ಯನು ನಡೆಯಲು ಕಲಿತ ದಿನದಿಂದ ಇಟ್ಟುಕೊಂಡಿರುವ ನಂಬಿಕೆ. 2021ರ ಅಕ್ಟೋಬರ್ ತಿಂಗಳಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಗ್ರಾಮದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಆ ನಂಬಿಕೆಗೇ ಧಕ್ಕೆಯಾಯಿತು.

ಅದಕ್ಕೆ ಹಿಂದಿನ ಕೆಲವು ವರ್ಷಗಳಿಂದಲೂ ಆ ಊರಿನವರು ಭೂಮಿಯೊಳಗಿಂದ ಗುಡುಗಿನಂತಹ ಸದ್ದನ್ನು ಕೇಳುತ್ತಿದ್ದರು. ಆ ತಿಂಗಳಲ್ಲಿ ಸದ್ದಿನೊಡನೆ ಕಂಪನಗಳೂ ಮೇಲಿಂದ ಮೇಲೆ ಬಂದವು. ಅಕ್ಟೋಬರ್ 11ರ ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಬಂದ ಕಂಪನದ ಪ್ರಮಾಣ ಸುಮಾರು 4ರಷ್ಟಿತ್ತು. ಭೂಕಂಪಶಾಸ್ತ್ರದ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಜನರು ಮನೆಯೊಳಗೆ ಮಲಗಲು ಅಂಜಿ ಅಂಗಳದಲ್ಲಿಯೂ ಬಯಲಿನಲ್ಲಿಯೂ ರಾತ್ರಿಗಳನ್ನು ಕಳೆದರು. ಅನೇಕರು ಮಕ್ಕಳುಮರಿಗಳೊಡನೆ ಬೇರೆ ಊರುಗಳ ನೆಂಟರ ಮನೆಗಳನ್ನು ಸೇರಿದರು. ಅವರ ಅಂಜಿಕೆ ನಿರಾಧಾರವಾದುದಾಗಿರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇದೇ ದಖನ್ನಿನ ಕಿಲ್ಲಾರಿಯಲ್ಲಿ, ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದ ಜನರ ಮೇಲೆ ಕಲ್ಲುಮಣ್ಣಿನ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಕುಸಿದುಬಿದ್ದು ಹತ್ತು ಸಾವಿರದಷ್ಟು ಜನ ಮಡಿದುದನ್ನು ಹಿರಿಯರು ಮರೆತಿರಲಿಲ್ಲ.

ಕಂಪನಗಳು ಕಡಿಮೆಯಾದ ಮೇಲೆ ಜನರು ಮನೆಗೆ ಮರಳಿದರು. ಗೋಡೆಯ ಬಿರುಕನ್ನು ಗಾರೆಯಿಂದ ಮುಚ್ಚಬಹುದು. ಅಂಥ ರಾತ್ರಿಯನ್ನು ಕಂಡ ಮಗುವಿನ ಮನಸ್ಸಿನಲ್ಲಿ ಏನು ಉಳಿಯುತ್ತದೆ?

ಅಂಥ ಊರಿನಲ್ಲಿ ಏಳೆಂಟು ವರ್ಷದ ಒಬ್ಬ ಬಾಲಕನನ್ನು ಊಹಿಸಿಕೊಳ್ಳಬಹುದು. ಮೊದಲು ಅವನು ಕತ್ತಲೆಗೆ ಅಂಜುವವನಲ್ಲ. ಈಗ ಅವ್ವನ ಸೆರಗನ್ನು ಬಿಡುವುದಿಲ್ಲ. ಬಹಳ ಹಿಂದೆಯೇ ನಿಂತುಹೋಗಿದ್ದ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವ ರೂಢಿ ಮತ್ತೆ ಆರಂಭವಾಗಿದೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ನೋವು ನಟನೆಯಲ್ಲ, ನಿಜವಾಗಿಯೂ ಬರುತ್ತದೆ. ಆಟದಲ್ಲಿ ಕಲ್ಲುಗಳನ್ನು ಪೇರಿಸಿ ಮನೆ ಕಟ್ಟುತ್ತಾನೆ, ಕೆಡವುತ್ತಾನೆ, ಮತ್ತೆ ಕಟ್ಟಿ ಮತ್ತೆ ಕೆಡವುತ್ತಾನೆ. ಅಕ್ಕನ ಮನೆಗೆಂದು ವಾಡಿಗೆ ಹೋದಾಗ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹಾದು ಮನೆಯ ಪಾತ್ರೆಗಳು ಅಲುಗಿದರೆ ಎದ್ದು ಹೊರಗೆ ಓಡುತ್ತಾನೆ. ಸುಣ್ಣಕಲ್ಲಿನ ಗಣಿಯಲ್ಲಿ ಮದ್ದು ಸಿಡಿದರೆ ಅವನ ಮುಖ ಬೆಳ್ಳಗಾಗುತ್ತದೆ. ಅವನ ಹದಿನಾಲ್ಕು ವರ್ಷದ ಅಣ್ಣನ ರೀತಿ ಬೇರೆ. ಅವನು ಅಳುವುದಿಲ್ಲ, ಆದರೆ ಸಣ್ಣ ಮಾತಿಗೂ ಸಿಡುಕುತ್ತಾನೆ, ಪುಸ್ತಕ ತೆರೆದರೆ ಸಾಲುಗಳು ತಲೆಗೆ ಹತ್ತುವುದಿಲ್ಲ, ಗೆಳೆಯರೊಡನೆ ಬೆರೆಯುವುದನ್ನು ಬಿಟ್ಟಿದ್ದಾನೆ. ದೊಡ್ಡವರಿಗೆ ತಮ್ಮನ ಅಂಜಿಕೆ ಕಾಣುತ್ತದೆ. ಅಣ್ಣನದು ಉದ್ಧಟತನವೆಂದು ತೋರುತ್ತದೆ. ಎರಡರ ಬೇರೂ ಒಂದೇ ಎಂಬುದನ್ನು ತಿಳಿಯದೆ ಅನೇಕ ಮನೆಗಳಲ್ಲಿ ಚಿಕ್ಕವನಿಗೆ ಮುದ್ದೂ ದೊಡ್ಡವನಿಗೆ ಪೆಟ್ಟೂ ದೊರೆಯುತ್ತವೆ.

ಇದನ್ನು ಮನಃಶಾಸ್ತ್ರಜ್ಞರು ಆಘಾತವೆಂದು ಕರೆಯುತ್ತಾರೆ. ಮನುಷ್ಯನ ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಬಾದಾಮಿಯ ಆಕಾರದ ಎರಡು ಚಿಕ್ಕ ಭಾಗಗಳಿವೆ. ಅವುಗಳಿಗೆ ಆಮಿಗ್ಡಲಾ ಎಂದು ಹೆಸರು. ಅಪಾಯದ ಸುಳಿವು ಸಿಕ್ಕೊಡನೆ, ವಿಚಾರ ಮಾಡುವ ಭಾಗವು ಎಚ್ಚರಗೊಳ್ಳುವ ಮೊದಲೇ, ಇವು ದೇಹಕ್ಕೆ ಕೂಗು ಹಾಕುತ್ತವೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಕೈಕಾಲುಗಳ ಸ್ನಾಯುಗಳು ಓಡಲು ಸಿದ್ಧವಾಗುತ್ತವೆ. ಪ್ರಾಣವನ್ನು ಉಳಿಸುವ ಈ ಏರ್ಪಾಡು ಅಪಾಯ ಕಳೆದ ಮೇಲೆ ತಣ್ಣಗಾಗಬೇಕು. ಬಲವಾದ ಹೆದರಿಕೆಯ ಅನಂತರ ಕೆಲವೊಮ್ಮೆ ಹಾಗಾಗುವುದಿಲ್ಲ. ತೊಗರಿಯ ಹೊಲವನ್ನು ಕಾಯುವ ನಾಯಿ, ಒಂದು ರಾತ್ರಿ ಹಂದಿಗಳ ಹಿಂಡು ನುಗ್ಗಿದ ಮೇಲೆ, ಎಲೆ ಅಲುಗಿದರೂ ಬೊಗಳುವಂತೆ ಈ ಕಾವಲೂ ಸುಳ್ಳು ಸುಳಿವುಗಳಿಗೆ ಎಚ್ಚರಗೊಳ್ಳುತ್ತಿರುತ್ತದೆ. ಬಾಲಕನಿಗೆ ಗೂಡ್ಸ್ ಗಾಡಿಯೆಂದು ತಿಳಿಯದೆ ಇಲ್ಲ. ಅವನ ದೇಹಕ್ಕೆ ಮಾತ್ರ ಅದು ಇನ್ನೂ ತಿಳಿದಿಲ್ಲ.

‘ಅಂಜಿಕೆ ಹೊಕ್ಕಿದೆ’ ಎಂದು ಹೇಳಿ ಮಗುವಿಗೆ ತಾಯತ ಕಟ್ಟಿಸುವ ರೂಢಿ ಈ ಭಾಗದಲ್ಲಿ ಹಳೆಯದು. ತಾಯತದಿಂದ ಮಿದುಳಿನ ಕಾವಲು ತಣ್ಣಗಾಗದು. ಆದರೂ ಆ ಮಾತನ್ನು ಆಡಿದವರು ಒಂದನ್ನು ಸರಿಯಾಗಿಯೇ ಕಂಡಿದ್ದರು: ಅಂಜಿಕೆಯು ಹೊರಗಿನಿಂದ ಬಂದದ್ದು, ಮಗುವಿನ ಸ್ವಭಾವದ ದೋಷವಲ್ಲ. ‘ಗಂಡು ಹುಡುಗನಾಗಿ ಅಂಜತೀಯೇನೋ?’ ಎಂದು ನಾಲ್ವರ ಎದುರಿಗೆ ಗದರಿಸುವವರಿಗಿಂತ ಅವರು ಎಷ್ಟೋ ಮೇಲು. ಗದರಿಕೆಯಿಂದ ಹೆದರಿಕೆ ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ ಅಷ್ಟೆ.

ಹಾಗಾದರೆ ಯಾವುದರಿಂದ ಹೋಗುತ್ತದೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ ನಗರದ ಮೇಲೆ ಜರ್ಮನ್ ವಿಮಾನಗಳು ರಾತ್ರಿಯಿಡೀ ಬಾಂಬುಗಳನ್ನು ಸುರಿಸುತ್ತಿದ್ದಾಗ ಈ ಪ್ರಶ್ನೆಗೆ ಒಂದು ಉತ್ತರ ದೊರಕಿತು. 1938ರಲ್ಲಿ ವಿಯೆನ್ನಾದಿಂದ ಅಲ್ಲಿಗೆ ಬಂದು ನೆಲೆಸಿದ್ದ ಆನಾ ಫ್ರಾಯ್ಡ್ ಎಂಬ ವಿದುಷಿಯು ತಮ್ಮ ಸಹೋದ್ಯೋಗಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಅವರೊಡನೆ ಹ್ಯಾಂಪ್‌ಸ್ಟೆಡ್ಡಿನಲ್ಲಿ ಯುದ್ಧದಿಂದ ನೆಲೆ ತಪ್ಪಿದ ಮಕ್ಕಳಿಗಾಗಿ ಶಿಶುಗೃಹಗಳನ್ನು ನಡೆಸಿದರು. ಬಾಂಬಿನ ಸದ್ದಿಗಿಂತ ತಾಯಿಯ ಅಗಲಿಕೆಯೇ ಎಳೆಯ ಮಕ್ಕಳನ್ನು ಹೆಚ್ಚು ಘಾಸಿಗೊಳಿಸುವುದನ್ನು ಅವರು ಕಂಡರು. ತಾಯಿ ಹತ್ತಿರವಿದ್ದು, ಆಕೆಯೂ ಧೈರ್ಯದಿಂದಿದ್ದರೆ, ಮಗು ಬಾಂಬಿನ ರಾತ್ರಿಯನ್ನೂ ತಾಳಿಕೊಳ್ಳುತ್ತಿತ್ತು. ಮಗುವು ಅಪಾಯವನ್ನು ತನ್ನ ಕಣ್ಣುಗಳಿಂದ ಅಳೆಯುವುದಕ್ಕಿಂತ ಹೆಚ್ಚಾಗಿ ದೊಡ್ಡವರ ಮುಖದಲ್ಲಿ ಓದಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಆಟ ನೋಡಲು ಬಂದ ಮಕ್ಕಳು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಶೋಕವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅನಂತರ ಅಧ್ಯಯನ ಮಾಡಿದರು. ದುರಂತದಲ್ಲಿ ಬದುಕುಳಿದವರಿಗೆ ಅನ್ನ, ಬಟ್ಟೆ, ಸೂರುಗಳ ಜೊತೆಗೆ ಮನಸ್ಸಿನ ಆರೈಕೆಯೂ ಬೇಕೆಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಬಲಿತುದು ಇಂಥ ಅನುಭವಗಳಿಂದಲೇ. 2001ರ ಗುಜರಾತಿನ ಭೂಕಂಪ, 2004ರ ಸುನಾಮಿಗಳ ಕಾಲಕ್ಕೆ ಇದೇ ಸಂಸ್ಥೆಯ ತಜ್ಞರು ಊರಿನ ಶಿಕ್ಷಕರಿಗೂ ಕಾರ್ಯಕರ್ತರಿಗೂ ಈ ಆರೈಕೆಯ ತರಬೇತಿಯನ್ನು ಕೊಟ್ಟರು. ಪ್ರತಿ ಮಗುವಿನ ಬಳಿಗೂ ವೈದ್ಯರೇ ಹೋಗುವುದು ಅಸಾಧ್ಯ. ದಿನವೂ ಮಗುವಿನ ಜೊತೆಗಿರುವವರು ಕಲಿತುಕೊಳ್ಳುವುದು ಸಾಧ್ಯ.

ಅವರು ಕಲಿಸಿದ ಕ್ರಮದಲ್ಲಿ ಗೂಢವಾದುದು ಏನೂ ಇಲ್ಲ. ಮಗುವನ್ನು ಆದಷ್ಟು ಮಟ್ಟಿಗೆ ತನ್ನವರಿಂದ ಅಗಲಿಸಬಾರದು. ಊಟ, ನಿದ್ದೆ, ಶಾಲೆ, ಆಟಗಳು ಹೊತ್ತಿಗೆ ಸರಿಯಾಗಿ ಮತ್ತೆ ನಡೆಯುವಂತೆ ನೋಡಿಕೊಳ್ಳಬೇಕು. ಶಾಲೆಯ ಗಂಟೆ ನಿನ್ನೆಯಂತೆಯೇ ಇಂದೂ ಬಾರಿಸಿತೆಂಬುದು ದೊಡ್ಡವರಿಗೆ ಅಲ್ಪ ಸಂಗತಿ. ಲೋಕವೇ ತಲೆಕೆಳಗಾದ ಮಗುವಿಗೆ ಅದೊಂದು ಆಧಾರ. ಮಗುವು ಹೇಳಲು ಬಯಸಿದಾಗ ಕೇಳಬೇಕು, ಬಯಸದಿದ್ದಾಗ ಕೆದಕಬಾರದು. ಬಾಯಲ್ಲಿ ಬರದುದನ್ನು ಕೆಲವರು ಚಿತ್ರದಲ್ಲಿ ಬರೆಯುತ್ತಾರೆ, ಕೆಲವರು ಆಟದಲ್ಲಿ ಆಡಿ ತೋರಿಸುತ್ತಾರೆ. ಕಲ್ಲಿನ ಮನೆಯನ್ನು ಕಟ್ಟಿ ಕೆಡವುವ ಬಾಲಕನು ಮಾಡುತ್ತಿರುವುದೂ ಅದನ್ನೇ. ಅದನ್ನು ಅಪಶಕುನವೆಂದು ತಡೆಯಬಾರದು.

ಸತ್ಯವನ್ನು ಹೇಳುವುದೂ ಆರೈಕೆಯ ಒಂದು ಭಾಗ. ‘ಇನ್ನು ಮೇಲೆ ನೆಲ ನಡುಗುವುದೇ ಇಲ್ಲ’ ಎಂದು ತಂದೆ ಆಣೆ ಮಾಡಿ, ಮರುದಿನವೇ ನೆಲ ನಡುಗಿದರೆ, ಮಗುವು ನೆಲದ ಮೇಲಿನ ನಂಬಿಕೆಯ ಜೊತೆಗೆ ತಂದೆಯ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳ ಸಂದುಗಳಲ್ಲಿ ಇಳಿದಾಗ ಇಂಥ ಸಣ್ಣ ಕಂಪನಗಳೂ ಸದ್ದುಗಳೂ ಉಂಟಾಗಬಹುದೆಂದು ವಿಜ್ಞಾನಿಗಳು ಆಗ ವಿವರಿಸಿದ್ದರು. ಅದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ, ‘ಸದ್ದು ಬಂದರ ಇಂಥ ಬಾಗಿಲಿಂದ ಹೊರಗ ಹೋಗೋಣು, ನಾ ನಿನ್ನ ಕೈ ಹಿಡಕೊಂಡಿರ್ತೀನಿ’ ಎಂದರೆ ಸಾಕು. ಮಾಡಬೇಕಾದ ಕೆಲಸವೊಂದು ಗೊತ್ತಾದಾಗ ಹೆದರಿಕೆಗೆ ಒಂದು ಎಲ್ಲೆ ಸಿಗುತ್ತದೆ.

ಆದರೆ ಎಳೆಯ ಮನಸ್ಸಿಗೆ ಗಾಯವಾಗಲು ಭೂಕಂಪವೇ ಬರಬೇಕೆಂದಿಲ್ಲ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿ ಸೇಡಂ, ಚಿತ್ತಾಪುರಗಳ ದಂಡೆಯ ಊರುಗಳಿಗೆ ನುಗ್ಗಿತು. ಮಳೆಯ ಸದ್ದಿಗೆ ನಿದ್ದೆ ಕಳೆದುಕೊಳ್ಳುವ ಮಕ್ಕಳು ಆ ಊರುಗಳಲ್ಲಿದ್ದರೆ ಆಶ್ಚರ್ಯವಿಲ್ಲ. ನೆರೆ, ಭೂಕಂಪಗಳನ್ನು ಊರೇ ಕಾಣುತ್ತದೆ. ಆದುದರಿಂದ ಊರೇ ಸಂತೈಸುತ್ತದೆ. ಊರು ಕಾಣದ ಗಾಯಗಳು ಇನ್ನೂ ಕಠಿಣವಾದವು. ಕುಡಿದು ಬಂದ ಅಪ್ಪನು ಅವ್ವನನ್ನು ಹೊಡೆಯುವ ಮನೆಯಲ್ಲಿ ನೆಲ ಪ್ರತಿ ರಾತ್ರಿಯೂ ನಡುಗುತ್ತದೆ. ಚಿಂಚೋಳಿ, ಸೇಡಂ ಕಡೆಯ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ತಂದೆತಾಯಿಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದಾಗ ಮುದುಕರ ಬಳಿ ಉಳಿದ ಮಕ್ಕಳು ಅಗಲಿಕೆಯನ್ನು ತಿಂಗಳುಗಟ್ಟಲೆ ಅನುಭವಿಸುತ್ತಾರೆ. ಅವರನ್ನು ಸಾಕುವ ಮುದುಕರದು ದೊಡ್ಡ ಮನಸ್ಸು, ಹೊಟ್ಟೆಪಾಡಿಗೆ ಹೋದವರದು ತಪ್ಪಲ್ಲ. ಆದರೂ ಮಗುವಿನ ನೋವು ನೋವೇ. ಓದುವ ವಯಸ್ಸಿನಲ್ಲಿ ಮದುವೆಯ ಮಾತು ಎದ್ದ ಹುಡುಗಿ, ಪರಿಚಿತನೊಬ್ಬನಿಂದಲೇ ಮೈ ಮೇಲೆ ಅತ್ಯಾಚಾರಕ್ಕೆ ಗುರಿಯಾಗಿ ‘ಯಾರಿಗೂ ಹೇಳಬೇಡ’ ಎಂಬ ಬೆದರಿಕೆಯನ್ನು ಹೊತ್ತು ತರಗತಿಯಲ್ಲಿ ಕುಳಿತಿರುವ ಮಗು, ಇವರ ಮುಖಗಳಲ್ಲಿ ಬಿರುಕು ಕಾಣುವುದಿಲ್ಲ. ಅಂಥ ಮಕ್ಕಳಲ್ಲಿ ಅನೇಕರು ನಡೆದುದಕ್ಕೆ ತಾವೇ ಕಾರಣರೆಂದು ಭಾವಿಸುತ್ತಾರೆ. ಅದು ಎಂದಿಗೂ ನಿಜವಲ್ಲ. ಮಕ್ಕಳ ಮೇಲೆ ಇಂಥ ಅಪರಾಧವೆಸಗಿದವರನ್ನು ಶಿಕ್ಷಿಸಲು 2012ರಲ್ಲಿ ಪೋಕ್ಸೋ ಎಂಬ ಪ್ರತ್ಯೇಕ ಕಾಯಿದೆಯೇ ಬಂದಿದೆ.

ಹೆದರಿದ ಮಕ್ಕಳಲ್ಲಿ ಬಹುಪಾಲು ಮಂದಿ ತಮ್ಮವರ ಆಸರೆಯಿಂದ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ದುಃಸ್ವಪ್ನಗಳು ನಿಲ್ಲದಿದ್ದರೆ, ಊಟ, ಓದು, ಗೆಳೆತನಗಳು ಹಿಂದಿನಂತಾಗದಿದ್ದರೆ ವೈದ್ಯರ ಸಹಾಯ ಬೇಕು. ಮನೋವೈದ್ಯರ ಬಳಿ ಹೋಗುವವರೆಲ್ಲ ಹುಚ್ಚರೆಂಬ ಮಾತು ಅಜ್ಞಾನದ್ದು. ಕಾಲು ಮುರಿದವನು ಆಸ್ಪತ್ರೆಗೆ ಹೋದರೆ ಯಾರೂ ನಗುವುದಿಲ್ಲ. ಈ ಚಿಕಿತ್ಸೆಯನ್ನು ದೊಡ್ಡ ನಗರಗಳಿಂದ ಜಿಲ್ಲೆಗಳಿಗೆ ತರುವ ಪ್ರಯೋಗವು 1980ರ ದಶಕದಲ್ಲಿ ನಿಮ್ಹಾನ್ಸ್ ನೆರವಿನಿಂದ ನಡೆದುದು ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟ ಆ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಕಲ್ಯಾಣ ಕರ್ನಾಟಕವು ಹಿಂದುಳಿದುದೆಂದು ಹೇಳುವವರು ಇದನ್ನು ನೆನೆಯುವುದು ಕಡಿಮೆ.

ಸಂಕಟದಲ್ಲಿರುವ ಹುಡುಗ ಹುಡುಗಿಯರು ಮೊದಲು ಬಾಯಿ ಬಿಡುವುದು ಹಲವು ವೇಳೆ ಓರಗೆಯವರ ಮುಂದೆ. ಹಾಗೆ ಬಂದ ಗೆಳೆಯನಿಗೆ ಉಪದೇಶ ಮಾಡುವ ಅಗತ್ಯವಿಲ್ಲ, ‘ಅದೇನು ಮಹಾ’ ಎಂದು ಹಗುರ ಮಾಡುವುದೂ ಸಲ್ಲದು. ಪಕ್ಕದಲ್ಲಿ ಕುಳಿತು ಕೇಳುವುದೇ ಒಂದು ಉಪಕಾರ. ಕೇಳಿದುದನ್ನು ಶಾಲೆಯಲ್ಲಿ ಹರಡಬಾರದು. ಆದರೆ ತನ್ನನ್ನು ಯಾರೋ ಹಿಂಸಿಸುತ್ತಿರುವರೆಂದೋ, ಬದುಕೇ ಬೇಡವೆನಿಸಿದೆಯೆಂದೋ ಅವನು ಹೇಳಿದರೆ, ಗುಟ್ಟನ್ನು ಕಾಯುವೆನೆಂದು ಮಾತು ಕೊಟ್ಟಿದ್ದರೂ, ನಂಬಿಕೆಗೆ ಅರ್ಹರಾದ ಗುರುಗಳಿಗೆ ಅಥವಾ ಹಿರಿಯರಿಗೆ ಅಂದೇ ತಿಳಿಸಬೇಕು. ಹಿಂಸೆಗೊಳಗಾದ ಮಗು ತಾನೇ 1098ಕ್ಕೆ ಫೋನು ಮಾಡಬಹುದು, ಅದಕ್ಕೆ ಹಣ ಬೇಕಿಲ್ಲ. ಮನಸ್ಸಿನ ಸಂಕಟಕ್ಕೆಂದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ನಡುರಾತ್ರಿಯಲ್ಲಿ ಕರೆದರೂ ಅಲ್ಲಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ.