ಸೇವಾಯಾತ್ರೆ: ಹೋಗುವ ಮುನ್ನ, ಅಲ್ಲಿರುವಾಗ, ಬಂದ ಮೇಲೆ

ವಾಚನ: ಲೂಕ 10:1-42



ರಜೆ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳ ಯುವಕೂಟಗಳಲ್ಲಿ ಒಂದು ಮಾತು ಹುಟ್ಟುತ್ತದೆ: "ಫಾದರ್, ಈ ಸಲ ಪಿಕ್‌ನಿಕ್ ಬೇಡ. ಕೋಲ್ಕತ್ತಕ್ಕೆ ಹೋಗಿ ಮದರ್ ತೆರೇಸಾ ಅವರ ಮನೆಗಳಲ್ಲಿ ಹತ್ತು ದಿನ ಸೇವೆ ಮಾಡಿ ಬರೋಣ." ಕೇಳಲು ಸಂತೋಷ. ಆದರೆ ಅದರ ಬೆನ್ನಲ್ಲೇ ತಂದೆಯೊಬ್ಬರು ಬಂದು ಕೇಳುತ್ತಾರೆ: "ಇಷ್ಟು ಮಂದಿಯ ರೈಲು ಖರ್ಚನ್ನು ಆ ಸಿಸ್ಟರುಗಳಿಗೇ ಕಳುಹಿಸಿದರೆ ಹೆಚ್ಚು ಉಪಯೋಗವಲ್ಲವೇ? ಬಡವರು ನಮ್ಮೂರಲ್ಲಿ ಇಲ್ಲವೇ?"

ಇದು ಜಿಪುಣತನದ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯವೊಂದನ್ನೇ ನಿಧಾನವಾಗಿ ಓದಿದರೆ ಇದಕ್ಕೆ ಬೇಕಾದ ಬೆಳಕು ದೊರೆಯುತ್ತದೆ.

ಹೋಗುವ ಮುನ್ನ

ಪ್ರಭು ಯೇಸು ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸಿದರು. ಹಣದ ಚೀಲ ಬೇಡ, ಜೋಳಿಗೆ ಬೇಡ, ಮುಂದಿಟ್ಟದ್ದನ್ನು ಊಟ ಮಾಡಿ ಎಂದರು. ಇದರ ತಾತ್ಪರ್ಯವೇನು? ಪ್ರೇಷಿತನು ಕೊಡುವವನಾಗಿ ಮಾತ್ರ ಹೋಗುವುದಿಲ್ಲ, ಪಡೆಯುವವನಾಗಿಯೂ ಹೋಗುತ್ತಾನೆ. "ನಾವು ಬಡವರನ್ನು ಉದ್ಧಾರ ಮಾಡಲು ಹೊರಟಿದ್ದೇವೆ" ಎಂಬ ಭಾವವೇ ಮನೆಯಲ್ಲಿ ಬಿಟ್ಟು ಹೋಗಬೇಕಾದ ಮೊದಲ ಗಂಟು.

ಬರಿಯ ಉತ್ಸಾಹವೂ ಸಾಲದು. ಮದರ್ ತೆರೇಸಾ 1929ರಲ್ಲಿ ಭಾರತಕ್ಕೆ ಬಂದವರು, ಕೋಲ್ಕತ್ತದ ಲೊರೆಟೊ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ಬಡವರ ನಡುವೆ ಬಾಳುವ ಕರೆ ಕೇಳಿಸಿತು. 1948ರಲ್ಲಿ ಲೊರೆಟೊ ಬಿಟ್ಟ ಮೇಲೂ ಅವರು ನೇರವಾಗಿ ಕೊಳೆಗೇರಿಗೆ ಇಳಿಯಲಿಲ್ಲ. ಪಟ್ನಾಕ್ಕೆ ಹೋಗಿ, ಅಲ್ಲಿನ ವೈದ್ಯಕೀಯ ಭಗಿನಿಯರಿಂದ ಶುಶ್ರೂಷೆ ಕಲಿತು, ಆ ಡಿಸೆಂಬರಿನಲ್ಲಿ ಮೋತಿಝೀಲ್ ಕೊಳೆಗೇರಿಯಲ್ಲಿ ಕೆಲಸ ಆರಂಭಿಸಿದರು. ಕರೆ ದೇವರದು, ಆದರೆ ಗಾಯ ತೊಳೆಯುವುದನ್ನು ಮನುಷ್ಯರಿಂದಲೇ ಕಲಿಯಬೇಕಾಯಿತು.

ಆದ್ದರಿಂದ, ಯುವಜನರೇ, ಮೊದಲು ಭಗಿನಿಯರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಿರಿ. ಬೆಂಗಳೂರು, ಮಂಗಳೂರುಗಳಲ್ಲೂ ಅವರ ಮನೆಗಳಿವೆ. ಕೆಲವು ಭಾನುವಾರ ಅಲ್ಲಿ ನೆಲ ಒರೆಸಿ ನೋಡಿ. ನಾಲ್ಕು ಬಂಗಾಳಿ ಮಾತು ಕಲಿಯಿರಿ: ನೀರಿಗೆ ಅವರು 'ಜೋಲ್' ಎನ್ನುತ್ತಾರೆ, ಅನ್ನಕ್ಕೆ 'ಭಾತ್'. ರೋಗಿ ನೀರು ಕೇಳುವಾಗ ನಾವು ಬೆಪ್ಪಾಗಿ ನಿಲ್ಲಬಾರದಲ್ಲವೇ? ಪ್ರಯಾಣದ ಖರ್ಚಿನಲ್ಲಿ ಒಂದು ಪಾಲನ್ನಾದರೂ ನೀವೇ ದುಡಿದು ಕೂಡಿಸಿ.

ಅಲ್ಲಿರುವಾಗ

ಕಾಳಿಘಾಟಿನ 'ನಿರ್ಮಲ ಹೃದಯ' 1952ರಲ್ಲಿ ಆರಂಭವಾಯಿತು. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಒಂದು ಸೂರು ಬೇಕೆಂದು ಮದರ್ ಕೇಳಿದಾಗ ನಗರಪಾಲಿಕೆ ತೋರಿಸಿದ್ದು ಕಾಳಿ ದೇವಾಲಯದ ಪಕ್ಕದಲ್ಲಿದ್ದ ಯಾತ್ರಿಕರ ಛತ್ರವನ್ನು. ಲೂಕರ ಅದೇ ಅಧ್ಯಾಯದಲ್ಲಿ ದಯಾಳು ಸಮಾರಿಯದವನು ಗಾಯಾಳುವನ್ನು ಕರೆತಂದದ್ದೂ ಒಂದು ಛತ್ರಕ್ಕೇ!

ಆ ಸಾಮತಿಯಲ್ಲಿ ನಾವು ಗಮನಿಸದೆ ದಾಟಿಬಿಡುವ ಒಬ್ಬ ಮನುಷ್ಯನಿದ್ದಾನೆ. ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು, ಗಾಯ ಕಟ್ಟಿ, ಮರುದಿನ ಎರಡು ನಾಣ್ಯ ಕೊಟ್ಟು ತನ್ನ ದಾರಿ ಹಿಡಿದ. ಅವನು ಹೋದ ಮೇಲೆ ಗಾಯಾಳುವನ್ನು ನೋಡಿಕೊಂಡವನು ಛತ್ರದವನು. ಹತ್ತು ದಿನಕ್ಕೆ ಹೋಗುವ ಸ್ವಯಂಸೇವಕರು ದಾರಿಹೋಕರು. ವರ್ಷವಿಡೀ ಇರುವ ಭಗಿನಿಯರೂ ಕೆಲಸದವರೂ ಛತ್ರದವರು. ಅಲ್ಲಿ ಅವರ ಮಾತೇ ನಿಯಮ. ಮೂರನೆಯ ದಿನಕ್ಕೇ ಸಲಹೆ ಕೊಡಲು ಹೊರಡಬೇಡಿ.

ಮಾತೃಗೃಹದಲ್ಲಿ ಬೆಳಗಿನ ಬಲಿಪೂಜೆ, ಬಳಿಕ ಚಹಾ, ಬ್ರೆಡ್ಡು, ಬಾಳೆಹಣ್ಣು, ಆಮೇಲೆ ಕೆಲಸ. ಎಂಥ ಕೆಲಸ? ಬಟ್ಟೆ ಒಗೆಯುವುದು, ತಟ್ಟೆ ತೊಳೆಯುವುದು, ಕೈಲಾಗದವರಿಗೆ ಉಣಿಸುವುದು. ಇಷ್ಟೇ. ಶಿಶುಭವನದ ಮಕ್ಕಳು ಬೇಗ ಹಚ್ಚಿಕೊಳ್ಳುತ್ತಾರೆ. ಉಳಿಸಿಕೊಳ್ಳಲಾಗದ ಮಾತನ್ನು ಅವರಿಗೆ ಕೊಡಬೇಡಿ. ಮೊಬೈಲ್ ಚೀಲದಲ್ಲೇ ಇರಲಿ. ಸಾವಿನ ಹಾಸಿಗೆಯಲ್ಲಿರುವ ನಿಮ್ಮ ಅಜ್ಜನ ಫೋಟೋವನ್ನು ಅಪರಿಚಿತರು ತೆಗೆದು ಊರಿಗೆಲ್ಲ ತೋರಿಸಿದರೆ ನೀವು ಒಪ್ಪುತ್ತೀರಾ?

ಪ್ರೀತಿಸುವುದೆಂದರೆ ಮತ್ತೊಬ್ಬರಿಗೆ ಒಳಿತನ್ನು ಬಯಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ನನ್ನ ಅನುಭವಕ್ಕಾಗಿ, ನನ್ನ ಮನಶ್ಶಾಂತಿಗಾಗಿ ಬಡವನನ್ನು ಬಳಸಿಕೊಂಡರೆ ಅದು ಪ್ರೀತಿಯಲ್ಲ. ಅವನು ನನ್ನ ಪಾಠದ ಪುಸ್ತಕವಲ್ಲ. ದೇವರ ರೂಪದಲ್ಲಿ ಸೃಷ್ಟಿಯಾದ ನನ್ನ ಸಹೋದರ.

ಬಂದ ಮೇಲೆ

ದೆವ್ವಗಳು ಕೂಡ ತಮಗೆ ಅಧೀನವಾದವೆಂದು ಎಪ್ಪತ್ತೆರಡು ಮಂದಿ ಹಿಗ್ಗುತ್ತ ಮರಳಿದರು. ಪ್ರಭು ಅವರ ಸಂತೋಷವನ್ನು ಕಸಿದುಕೊಳ್ಳಲಿಲ್ಲ, ಅದರ ಬೇರನ್ನು ಬದಲಿಸಿದರು: ನೀವು ಮಾಡಿದ್ದಕ್ಕಾಗಿ ಅಲ್ಲ, ನಿಮ್ಮ ಹೆಸರುಗಳು ಸ್ವರ್ಗದಲ್ಲಿ ಬರೆದಿರುವುದಕ್ಕಾಗಿ ಸಂತೋಷಪಡಿ. ಅಧ್ಯಾಯ ಮುಗಿಯುವುದು ಮಾರ್ತಾ, ಮರಿಯರ ಮನೆಯಲ್ಲಿ, ಪ್ರಭುವಿನ ಪಾದದ ಬಳಿ. ಮದರ್ ಅವರ ಭಗಿನಿಯರ ಪ್ರಾರ್ಥನಾಲಯಗಳಲ್ಲಿ ಶಿಲುಬೆಯ ಪಕ್ಕ "ನನಗೆ ದಾಹವಾಗಿದೆ" (ಯೊವಾನ್ನ 19:28) ಎಂದು ಬರೆದಿರುತ್ತದೆ. ಅವರ ದುಡಿಮೆ ಅಲ್ಲಿಂದ ಹೊರಟು ಅಲ್ಲಿಗೇ ಮರಳುತ್ತದೆ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಕೋಲ್ಕತ್ತದ ಬಡವರಿಗೆ ಆಗುವ ಉಪಕಾರವನ್ನಷ್ಟೇ ಲೆಕ್ಕ ಹಾಕಿದರೆ, ಅವರು ಹೇಳುವುದೇ ಸರಿ: ಹಣ ಕಳುಹಿಸುವುದೇ ಲೇಸು. ಆದರೆ ಸಮಾರಿಯದವನು ಹಣವನ್ನೂ ಕೊಟ್ಟ, ಕೈಯನ್ನೂ ಕೊಟ್ಟ. ಹಣ ಕೊಟ್ಟವನ ಕೈ ಗಾಯ ಮುಟ್ಟಲು ಕಲಿಯುವುದಿಲ್ಲ. ಹಾಗೆ ಕಲಿತ ಕೈ ನಮ್ಮೂರಿಗೂ ಬೇಕು. ಯಾತ್ರೆ ಸಾರ್ಥಕವಾಯಿತೇ ಎಂಬುದನ್ನು ಹೌರಾ ನಿಲ್ದಾಣದಲ್ಲಿ ತಿಳಿಯಲಾಗದು. ಕೋಲ್ಕತ್ತದಲ್ಲಿ ಅಪರಿಚಿತರ ಬಟ್ಟೆ ಒಗೆದ ಮಗ ಮನೆಯಲ್ಲಿ ತಾಯಿಗೆ ಕೊಡವೆತ್ತಿ ಕೊಡದಿದ್ದರೆ, ಪಕ್ಕದ ಮನೆಯಲ್ಲಿ ಒಂಟಿಯಾಗಿ ಮಲಗಿರುವ ಅಜ್ಜಿಯ ಬಾಗಿಲು ತಟ್ಟದಿದ್ದರೆ, ಆ ಖರ್ಚು ನಿಜವಾಗಿಯೂ ದಂಡ. ತಟ್ಟಿದರೆ, ಆ ತಂದೆಯ ಪ್ರಶ್ನೆಗೆ ಅದೇ ಉತ್ತರ.

ಚಿಂತನೆಗೆ

1. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಯಾರು? ಅವರ ಹೆಸರು ನಮಗೆ ಗೊತ್ತೇ?

2. ನಮ್ಮ ಮನೆಯಲ್ಲಿ, ಧರ್ಮಕೇಂದ್ರದಲ್ಲಿ 'ಛತ್ರದವನ' ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರು ಯಾರು? ಅವರಿಗೆ ಒಂದು ದಿನದ ಬಿಡುವು ಕೊಡಬಲ್ಲೆವೇ?

3. ಯುವಕೂಟ ಮರಳಿದ ಮೇಲೆ ವಾರಕ್ಕೆ ಒಂದು ಗಂಟೆ ಊರಿನಲ್ಲೇ ಯಾವ ಸೇವೆ ಮುಂದುವರಿಸೀತು? ಹೊರಡುವ ಮುನ್ನವೇ ನಿರ್ಧರಿಸಿರಿ.