ಗಣಕಯಂತ್ರಗಳ ನಡುವೆ ಕಡತ ಸಾಗಣೆ ನಿಧಾನವಾದಾಗ: ವರ್ತಕರಿಗೆ ಒಂದು ಪರಿಶೀಲನಾ ಕ್ರಮ

ತಿಂಗಳ 10ನೆಯ ತಾರೀಖಿನ ಸಂಜೆ. ಮರುದಿನ ಜಿಎಸ್‌ಟಿಆರ್-1 ಸಲ್ಲಿಕೆಗೆ ಕಡೆಯ ದಿನ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ವರ್ತಕರ ಕಚೇರಿಯಲ್ಲಿ ಮೂರು ಗಣಕಯಂತ್ರಗಳಿವೆ. ಲೆಕ್ಕಪತ್ರದ ದತ್ತಾಂಶವೆಲ್ಲ ಒಂದರಲ್ಲಿದೆ. ಉಳಿದೆರಡರಲ್ಲಿ ಕುಳಿತ ಗುಮಾಸ್ತರು ಅದನ್ನೇ ತೆರೆದು ಬಿಲ್ಲು ಬರೆಯುತ್ತಾರೆ. ಒಂದು ಖಾತೆ ತೆರೆಯಲು ಅರ್ಧ ನಿಮಿಷ, ಒಂದು ಬಿಲ್ಲನ್ನು ಉಳಿಸಲು ಮತ್ತೆ ಅಷ್ಟೇ ಹೊತ್ತು. ದತ್ತಾಂಶವಿರುವ ಯಂತ್ರದ ಮುಂದೆಯೇ ಕುಳಿತರೆ ಅದೇ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

ಇಂತಹ ಸಂದರ್ಭದಲ್ಲಿ ಮಾಲೀಕರಿಗೆ ಹೊಳೆಯುವ ಪರಿಹಾರಗಳು ಸಾಮಾನ್ಯವಾಗಿ ಎರಡು: ಇಂಟರ್‌ನೆಟ್ ಸಂಪರ್ಕದ ವೇಗವನ್ನು ಹೆಚ್ಚಿಸಿಕೊಳ್ಳುವುದು, ಇಲ್ಲವೇ ಹೊಸ ಗಣಕಯಂತ್ರ ಕೊಳ್ಳುವುದು. ಮೊದಲನೆಯದರಿಂದ ಈ ತೊಂದರೆಗೆ ಯಾವ ಪ್ರಯೋಜನವೂ ಇಲ್ಲ. ಒಂದೇ ಕಟ್ಟಡದೊಳಗಿನ ಎರಡು ಯಂತ್ರಗಳ ನಡುವೆ ಕಡತ ಸಾಗುವಾಗ ಅದು ಇಂಟರ್‌ನೆಟ್ಟಿಗೆ ಹೋಗುವುದೇ ಇಲ್ಲ. ಗೋದಾಮಿನಿಂದ ಅಂಗಡಿಗೆ ಕೈಗಾಡಿಯಲ್ಲಿ ಚೀಲ ತರಲು ಹೆದ್ದಾರಿ ಅಗಲವಾಗಬೇಕಿಲ್ಲ. ಎರಡನೆಯ ಪರಿಹಾರ ಕೆಲವೊಮ್ಮೆ ಬೇಕಾದೀತು. ಆದರೆ ಅದು ಮೊದಲ ಹೆಜ್ಜೆಯಲ್ಲ. ಬಹುಪಾಲು ದೋಷಗಳು ಒಂದು ತಂತಿ, ಒಂದು ಸ್ವಿಚ್ಚು ಅಥವಾ ಒಂದು ತಪ್ಪು ಹೊಂದಾಣಿಕೆಯಲ್ಲಿ ಅಡಗಿರುತ್ತವೆ.

ನಿಧಾನಕ್ಕೆ ತೆರುವ ಬೆಲೆ

ಕಾಯುವ ಸಮಯದ ನಷ್ಟ ಎಲ್ಲರಿಗೂ ಕಾಣುತ್ತದೆ. ಕಾಣದ ನಷ್ಟ ಬೇರೆಯೇ ಇದೆ. ಅಡಿಕೆ ವರ್ತಕರೊಬ್ಬರ ಕಚೇರಿಯಲ್ಲಿ ಈ ನಿಧಾನದಿಂದ ಬೇಸತ್ತ ಗುಮಾಸ್ತರು ಇಡೀ ದತ್ತಾಂಶವನ್ನು ತಮ್ಮ ಯಂತ್ರಕ್ಕೆ ನಕಲು ಮಾಡಿಕೊಂಡು ಅಲ್ಲಿಯೇ ಬಿಲ್ಲು ಬರೆಯತೊಡಗಿದರು; ರಾತ್ರಿ ಎರಡನ್ನೂ ಕೂಡಿಸಿದರಾಯಿತು ಎಂಬ ಎಣಿಕೆ. ಅದೇ ಹೊತ್ತಿಗೆ ಮಾಲೀಕರ ಮಗ ಮೂಲ ದತ್ತಾಂಶದಲ್ಲಿ ಬಿಲ್ಲು ಬರೆದರು. ಎರಡು ಕಡೆಯೂ ಸರಣಿ ಒಂದೇ ಸಂಖ್ಯೆಯಿಂದ ಮುಂದುವರಿಯಿತು. ಒಂದೇ ಸಂಖ್ಯೆಯ ಬಿಲ್ಲುಗಳು ಬೇರೆ ಬೇರೆ ಖರೀದಿದಾರರ ಕೈ ಸೇರಿದವು. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗುವಂತಿಲ್ಲ. ತಿಂಗಳ ಲೆಕ್ಕ ಸಲ್ಲಿಸುವಾಗ ಅರ್ಧದಷ್ಟು ಬಿಲ್ಲುಗಳು ಬಿಟ್ಟುಹೋದವು. 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿಯಲ್ಲಿ ತಮ್ಮ ಖರೀದಿ ಕಾಣದ ಗ್ರಾಹಕರು ತೆರಿಗೆಯ ಮೊತ್ತವನ್ನು ತಡೆಹಿಡಿದರು. ಇಷ್ಟಕ್ಕೆಲ್ಲ ಮೂಲಕಾರಣ, ಅಟ್ಟದ ಮೇಲೆ ಇಲಿ ಕಚ್ಚಿದ ಒಂದು ಕೇಬಲ್ಲು ಎಂದು ಆಮೇಲೆ ತಿಳಿಯಿತು.

ಆದ್ದರಿಂದ ಯಾವ ಪರಿಶೀಲನೆಗೂ ಮುನ್ನ ಎರಡು ಕೆಲಸ ಆಗಬೇಕು. ದತ್ತಾಂಶದ ಪೂರ್ಣ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿ ಇಡಬೇಕು. ಕೆಲಸ ನಡೆಯುವ ದತ್ತಾಂಶ ಒಂದೇ ಕಡೆ ಇರುವಂತೆ ಎಲ್ಲರಿಗೂ ಸೂಚಿಸಬೇಕು. ಕಂಪನಿಗಳಾದರೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕೆಂಬ ನಿಯಮ 2022ರ ಆಗಸ್ಟಿನಿಂದಲೇ ಇದೆ. ಕಂಪನಿಯಲ್ಲದ ವರ್ತಕರಿಗೂ ಜಿಎಸ್‌ಟಿ ಕಾಯ್ದೆಯಡಿ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಕಾಪಾಡುವ ಹೊಣೆಯಿದೆ.

ಮೊದಲು ಅಳತೆ, ಅನಂತರ ದುರಸ್ತಿ

ಜಾಲದ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹೀಗಾಗಿ 100 ಮೆಗಾಬಿಟ್‌ನ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಸಾಗಬಹುದು. ವ್ಯವಹಾರದಲ್ಲಿ ಸುಮಾರು 11 ದೊರೆಯುತ್ತದೆ. 1000 ಮೆಗಾಬಿಟ್, ಅಂದರೆ ಗಿಗಾಬಿಟ್ ಜಾಲದಲ್ಲಿ ಸುಮಾರು 110. ಕ್ವಿಂಟಾಲಿನ ದರವನ್ನು ಮಣದ ದರವೆಂದು ತಿಳಿದು ಜಗಳಕ್ಕೆ ನಿಂತಂತೆ, ಈ ವ್ಯತ್ಯಾಸ ತಿಳಿಯದೆ ಸರಿಯಾಗಿರುವ ಜಾಲವನ್ನೇ ದೂರುವವರು ಬಹಳ ಮಂದಿ.

ಅಳೆಯುವ ವಿಧಾನ ಸರಳ. ಸುಮಾರು 1 ಗಿಗಾಬೈಟ್ ಗಾತ್ರದ ಒಂದೇ ಕಡತವನ್ನು, ಉದಾಹರಣೆಗೆ ಮದುವೆಯ ವಿಡಿಯೋವನ್ನು, ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡಿ ಸಮಯ ಗುರುತಿಸಬೇಕು. ಹಾಗೆಯೇ ಹಿಂದಿರುಗುವ ದಿಕ್ಕಿನಲ್ಲಿಯೂ ಮಾಡಬೇಕು. 100 ಮೆಗಾಬಿಟ್ ಜಾಲದಲ್ಲಿ ಒಂದೂವರೆ ನಿಮಿಷ ಹಿಡಿದರೆ ಅದು ಸಹಜ. ಗಿಗಾಬಿಟ್ ಜಾಲದಲ್ಲಿ ಡಿಸ್ಕುಗಳು ಚೆನ್ನಾಗಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಅನಂತರ ಅಷ್ಟೇ ಗಾತ್ರದ, ಆದರೆ ಸಾವಿರಾರು ಸಣ್ಣ ಕಡತಗಳಿರುವ ಫೋಲ್ಡರೊಂದನ್ನು ನಕಲು ಮಾಡಬೇಕು. ಇದು ಎಂದಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಏಕೆಂದರೆ ಪ್ರತಿಯೊಂದು ಕಡತವನ್ನು ತೆರೆಯಲು, ಬರೆಯಲು, ಮುಚ್ಚಲು ಎರಡೂ ಯಂತ್ರಗಳು ಹಲವು ಬಾರಿ ಮಾತನಾಡಿಕೊಳ್ಳಬೇಕು. ನೂರು ಮೂಟೆಯ ಒಂದು ಲಾರಿಗೆ ಒಂದು ರಸೀದಿ ಸಾಕು. ನೂರು ಗಿರಾಕಿಗಳಿಗೆ ಒಂದೊಂದು ಮೂಟೆ ಕೊಟ್ಟರೆ ನೂರು ರಸೀದಿ ಬೇಕು. ಸ್ಕ್ಯಾನ್ ಮಾಡಿದ ಬಿಲ್ಲುಗಳ ಹಳೆಯ ಸಂಗ್ರಹವನ್ನು ಸಾಗಿಸುವಾಗ ಅದನ್ನು ಒಂದೇ ಜಿಪ್ ಕಡತವಾಗಿ ಕಟ್ಟಿ ಕಳುಹಿಸಿದರೆ ಸಮಯ ಉಳಿಯುತ್ತದೆ.

ದೊಡ್ಡ ಕಡತವೂ ನಿಧಾನವಾದರೆ ಅದೇ ಕಡತವನ್ನು ದತ್ತಾಂಶವಿರುವ ಯಂತ್ರದೊಳಗೆಯೇ ಒಂದು ಫೋಲ್ಡರಿನಿಂದ ಮತ್ತೊಂದಕ್ಕೆ ನಕಲು ಮಾಡಿ ನೋಡಬೇಕು. ಅಲ್ಲಿಯೂ ತೆವಳಿದರೆ ದೋಷ ಡಿಸ್ಕಿನದು. ಜಾಲವನ್ನು ಮುಟ್ಟುವ ಅಗತ್ಯವಿಲ್ಲ. ಅಲ್ಲಿ ಚುರುಕಾಗಿದ್ದರೆ ದಾರಿಯಲ್ಲಿ ತೊಡಕಿದೆ.

ಕೇಬಲ್ಲು: ಅಗ್ಗದ ವಸ್ತು, ದುಬಾರಿ ದೋಷ

ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈಥರ್‌ನೆಟ್‌ನ ವಿವರ ತೆರೆದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಕಾಣುತ್ತದೆ. ಎರಡು ತುದಿಯಲ್ಲೂ ಗಿಗಾಬಿಟ್ ಉಪಕರಣಗಳಿದ್ದು ಅಲ್ಲಿ 100 ಎಂದು ತೋರಿಸಿದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ ಬೀಳಬೇಕು. ಈ ಕೇಬಲ್ಲಿನೊಳಗೆ ಎಂಟು ತಂತಿಗಳು, ನಾಲ್ಕು ಜೋಡಿಗಳಾಗಿ ಹೆಣೆದಿರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ತಂತಿ ತುಂಡಾದರೂ ಎಷ್ಟೋ ಬಾರಿ ಜಾಲ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೀಪ ಮಿನುಗುತ್ತಲೇ ಇರುವುದರಿಂದ ಯಾರಿಗೂ ಸಂದೇಹ ಬರುವುದಿಲ್ಲ. ಅಡಿಕೆ ವರ್ತಕರ ಕಚೇರಿಯಲ್ಲಿ ಅದು 10ಕ್ಕೆ ಇಳಿದಿತ್ತು.

ತುದಿಯ ಕನೆಕ್ಟರನ್ನು ಒತ್ತಿ ಕೂರಿಸುವಾಗಲೂ ತಪ್ಪಾಗುತ್ತದೆ. ಬಣ್ಣಗಳು ಎರಡು ತುದಿಯಲ್ಲಿಯೂ ಒಂದೇ ಕ್ರಮದಲ್ಲಿದ್ದರೆ ಸಾಕೆಂದು ಕೆಲವು ಕೆಲಸಗಾರರು ತಿಳಿದಿದ್ದಾರೆ. ಅದು ಅರ್ಧ ಸತ್ಯ. 3 ಮತ್ತು 6ನೆಯ ಪಿನ್ನುಗಳಿಗೆ ಒಂದೇ ಹೆಣಿಗೆಯ ಜೋಡಿ ಬರಲೇಬೇಕು. ಬಳಕೆಯಲ್ಲಿರುವ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಕೂರಿಸಿದರೆ ಅಗ್ಗದ ಪರೀಕ್ಷಾ ಸಾಧನದಲ್ಲಿ ಎಲ್ಲ ದೀಪವೂ ಉರಿಯುತ್ತದೆ. ಆದರೆ ಉದ್ದದ ಓಟದಲ್ಲಿ ಸಂಕೇತಗಳು ಒಂದರೊಳಗೊಂದು ಬೆರೆತು ಕೆಡುತ್ತವೆ. ಕೇಬಲ್ಲಿನ ಒಂದು ಓಟ 100 ಮೀಟರ್ ಮೀರಬಾರದು. ಕಾರ್ಖಾನೆಗಳಲ್ಲಿ ಮೋಟಾರು ಮತ್ತು ವೆಲ್ಡಿಂಗ್ ಯಂತ್ರದ ವಿದ್ಯುತ್ ತಂತಿಗಳ ಜೊತೆ ಒಂದೇ ಕೊಳವೆಯಲ್ಲಿ ಇದನ್ನು ಎಳೆಯಬಾರದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ಕೇಬಲ್ಲು ಅಗ್ಗಕ್ಕೆ ಸಿಗುತ್ತದೆ. ಶುದ್ಧ ತಾಮ್ರದ್ದೆಂದು ಬಿಲ್ಲಿನಲ್ಲಿ ಬರೆಸಿಕೊಂಡು ಕೊಳ್ಳುವುದು ಕ್ಷೇಮ.

ಇದಕ್ಕೆ ಸೇರಿದ ಮತ್ತೊಂದು ದೋಷವಿದೆ. ಹಿಂದೆ ಯಾರೋ ಒಂದು ಯಂತ್ರದ ನೆಟ್‌ವರ್ಕ್ ಕಾರ್ಡಿನಲ್ಲಿ ವೇಗವನ್ನು ‘100, ಫುಲ್ ಡ್ಯೂಪ್ಲೆಕ್ಸ್’ ಎಂದು ಕೈಯಾರೆ ನಿಗದಿ ಮಾಡಿರುತ್ತಾರೆ. ಎದುರಿನ ಸ್ವಿಚ್ಚಿಗೆ ಇದು ತಿಳಿಯದೆ ಅದು ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಒಬ್ಬರು ಏಕಕಾಲದಲ್ಲಿ ಮಾತನಾಡುತ್ತ ಕೇಳುತ್ತ ಇರುತ್ತಾರೆ, ಇನ್ನೊಬ್ಬರು ಸರದಿಗೆ ಕಾಯುತ್ತಾರೆ. ಸಣ್ಣಪುಟ್ಟ ಕೆಲಸ ಸರಿಯಾಗಿ ನಡೆದು, ದೊಡ್ಡ ಕಡತ ಮಾತ್ರ, ಅದೂ ಹೆಚ್ಚಾಗಿ ಒಂದು ದಿಕ್ಕಿನಲ್ಲಿ, ವಿಪರೀತ ನಿಧಾನವಾದರೆ ಇದನ್ನೇ ಶಂಕಿಸಬೇಕು. ಎರಡು ಕಡೆಯೂ ‘ಆಟೊ’ಗೆ ಮರಳಿಸಿದರೆ ಮುಗಿಯಿತು.

ರೌಟರು ಮತ್ತು ವೈ-ಫೈ

ಇಂಟರ್‌ನೆಟ್ ಸಂಪರ್ಕದೊಡನೆ ಬರುವ ಅಗ್ಗದ ರೌಟರುಗಳಲ್ಲಿ ಪೆಟ್ಟಿಗೆಯ ಮೇಲೆ ವೈ-ಫೈ ವೇಗ 300 ಎಂದು ಮುದ್ರಿಸಿದ್ದರೂ ಹಿಂಬದಿಯ ಕೇಬಲ್ ಪೋರ್ಟುಗಳು ಎಷ್ಟೋ ಬಾರಿ 100 ಮೆಗಾಬಿಟ್‌ನವೇ ಆಗಿರುತ್ತವೆ. ರೌಟರನ್ನು ಬದಲಿಸಬೇಕಿಲ್ಲ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ಚೊಂದನ್ನು ತಂದು ಎಲ್ಲ ಗಣಕಯಂತ್ರಗಳನ್ನೂ ರೌಟರನ್ನೂ ಅದಕ್ಕೆ ಜೋಡಿಸಿದರೆ, ಯಂತ್ರಗಳ ನಡುವಿನ ಕಡತಗಳು ರೌಟರನ್ನು ಮುಟ್ಟದೆ ಸ್ವಿಚ್ಚಿನಲ್ಲಿಯೇ ಹಾದುಹೋಗುತ್ತವೆ. ಬಿಲ್ಲನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಬರೆಸಿಕೊಂಡರೆ ತೆರಿಗೆಯ ಹೂಡುವಳಿ ಜಮೆಯೂ ದೊರೆಯುತ್ತದೆ.

ವೈ-ಫೈ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗಾಳಿ ಎಲ್ಲರಿಗೂ ಸೇರಿದ ಒಂದೇ ರಸ್ತೆ. ಒಂದು ಚಾನೆಲ್ಲಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬಹುದು. ಎರಡೂ ಗಣಕಯಂತ್ರಗಳು ಒಂದೇ ರೌಟರಿನ ವೈ-ಫೈಯಲ್ಲಿದ್ದರೆ ಪ್ರತಿ ಕಡತವೂ ಮೊದಲು ರೌಟರಿಗೆ, ಅಲ್ಲಿಂದ ಎರಡನೆಯ ಯಂತ್ರಕ್ಕೆ, ಹೀಗೆ ಎರಡು ಬಾರಿ ಗಾಳಿಯಲ್ಲಿ ಸಾಗುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಮಹಡಿಯ ಮೇಲೆ ಮಕ್ಕಳು ಟಿವಿಯಲ್ಲಿ ಚಲನಚಿತ್ರ ನೋಡುತ್ತಿದ್ದರೆ ಇನ್ನೂ ಕಡಿಮೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11 ಮಾತ್ರ. ಪೇಟೆಯ ಬೀದಿಯಲ್ಲಿ ಅಕ್ಕಪಕ್ಕದ ಅಂಗಡಿಗಳೆಲ್ಲ ಇವನ್ನೇ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್ ಪಟ್ಟಿ ಚುರುಕಾದುದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ.

ವೇಗಕ್ಕಿಂತ ಮುಖ್ಯವಾದದ್ದು ದತ್ತಾಂಶದ ಭದ್ರತೆ. ಇನ್ನೊಂದು ಯಂತ್ರದಲ್ಲಿರುವ ಲೆಕ್ಕದ ಕಡತಗಳನ್ನು ನೇರವಾಗಿ ತೆರೆದು ಬರೆಯುವ ತಂತ್ರಾಂಶಗಳಲ್ಲಿ, ಬರೆಯುತ್ತಿರುವಾಗಲೇ ಸಂಪರ್ಕ ಕಡಿದರೆ ದತ್ತಾಂಶ ಕೆಡುವ ಸಂಭವವಿದೆ. ಬಿಲ್ಲು ಬರೆಯುವ ಯಂತ್ರಗಳು ಕೇಬಲ್ಲಿನಲ್ಲಿಯೇ ಇರಲಿ. ವೈ-ಫೈ ಮೊಬೈಲುಗಳಿಗೆ ಸಾಕು.

ದತ್ತಾಂಶವಿರುವ ಯಂತ್ರ

ಹಲವು ಕಚೇರಿಗಳಲ್ಲಿ ಹೊಸ ಯಂತ್ರ ಮಾಲೀಕರ ಮೇಜಿಗೆ, ಹಳೆಯದು ‘ಸರ್ವರ್’ ಪದವಿಗೆ! ಇದು ತಲೆಕೆಳಗಾದ ವ್ಯವಸ್ಥೆ. ಎಲ್ಲರೂ ಬೇಡುವ ದತ್ತಾಂಶ ಒಳ್ಳೆಯ ಯಂತ್ರದಲ್ಲಿ, ಸಾಧ್ಯವಾದರೆ ಎಸ್‌ಎಸ್‌ಡಿ ಡಿಸ್ಕಿನಲ್ಲಿ ಇರಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಒಂದು ದೊಡ್ಡ ಕಡತ ಕಷ್ಟವಲ್ಲ. ಮೂವರು ಮೂರು ಕಡೆಯ ಸಣ್ಣ ತುಣುಕುಗಳನ್ನು ಏಕಕಾಲಕ್ಕೆ ಕೇಳಿದಾಗ ಅದು ಬಳಲುತ್ತದೆ. ಡಿಸ್ಕು ಕಟಕಟ ಸದ್ದು ಮಾಡುತ್ತ ನಿಧಾನವಾಗುತ್ತಿದ್ದರೆ ಅದನ್ನು ವೇಗದ ಸಮಸ್ಯೆ ಎನ್ನುವಂತಿಲ್ಲ. ಅಂದೇ ಬದಲಿಸಬೇಕು.

ಎಸ್‌ಎಸ್‌ಡಿ ಹಾಕಿದ ಬಳಿಕವೂ ತೊಡಕು ಉಳಿದರೆ ಆ್ಯಂಟಿವೈರಸ್ ಎರಡು ತುದಿಯಲ್ಲಿಯೂ ಪ್ರತಿ ಕಡತವನ್ನು ಶೋಧಿಸುತ್ತಿದೆಯೇ ಎಂದು ನೋಡಬೇಕು. ಅದನ್ನು ನಿಲ್ಲಿಸುವುದು ಪರಿಹಾರವಲ್ಲ. ಲೆಕ್ಕದ ತಂತ್ರಾಂಶ ಒದಗಿಸಿದವರ ಸಲಹೆ ಪಡೆದು ದತ್ತಾಂಶದ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಬಹುದು. ಚಾಲ್ತಿ ದತ್ತಾಂಶವನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ನ ಫೋಲ್ಡರಿನಲ್ಲಿ ಇಟ್ಟು ಕೆಲಸ ಮಾಡುವ ರೂಢಿಯೂ ಕಂಡುಬರುತ್ತದೆ. ಬ್ಯಾಕಪ್ ಪ್ರತಿಯನ್ನು ಅಲ್ಲಿಡುವುದು ಸರಿ. ಬರೆಯುತ್ತಿರುವ ಪುಸ್ತಕವನ್ನೇ ಅಲ್ಲಿಡುವುದು ತಪ್ಪು.

ಫೋಲ್ಡರು ತೆರೆಯಲು ಅರ್ಧ ನಿಮಿಷ ಹಿಡಿದು, ತೆರೆದ ಮೇಲೆ ನಕಲು ಪೂರ್ಣ ವೇಗದಲ್ಲಿ ಸಾಗಿದರೆ ತೊಂದರೆ ವಿಳಾಸ ಹುಡುಕುವುದರಲ್ಲಿದೆ. ಎಂದೋ ಮಾರಿದ ಯಂತ್ರದ ಹೆಸರಿನಲ್ಲಿ ಉಳಿದ ನೆಟ್‌ವರ್ಕ್ ಡ್ರೈವ್‌ಗಳನ್ನು ಅಳಿಸಬೇಕು. ದತ್ತಾಂಶದ ಯಂತ್ರಕ್ಕೆ ರೌಟರಿನಲ್ಲಿ ಒಂದು ಸ್ಥಿರ ಐಪಿ ವಿಳಾಸ ಕಾದಿರಿಸಿದರೆ ಸಾಕು.

ಹಳೆಯ ವಿಂಡೋಸ್ ಇರುವ ಕಡೆ

ತೂಕದ ಸೇತುವೆಗೋ ಕಾರ್ಖಾನೆಯ ಯಂತ್ರಕ್ಕೋ ಜೋಡಿಸಿದ ವಿಂಡೋಸ್ ಎಕ್ಸ್‌ಪಿ ಗಣಕಯಂತ್ರ ಇನ್ನೂ ಅಲ್ಲಲ್ಲಿ ಉಳಿದಿದೆ. ಅದಕ್ಕೆ ತಿಳಿದಿರುವುದು ಕಡತ ಹಂಚಿಕೆಯ ಹಳೆಯ ನಿಯಮಾವಳಿಯಾದ ಎಸ್‌ಎಂಬಿ-1 ಮಾತ್ರ. ಹೊಸ ವಿಂಡೋಸ್ ಅದನ್ನು ತಾನಾಗಿ ಒಪ್ಪುವುದಿಲ್ಲ. ದುರಸ್ತಿಗೆ ಬಂದವರು ಎಲ್ಲ ಯಂತ್ರಗಳಲ್ಲಿಯೂ ಎಸ್‌ಎಂಬಿ-1 ತೆರೆದಿಟ್ಟು ಹೋಗುತ್ತಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದು ಇದೇ ಬಾಗಿಲಿನ ಮೂಲಕ. ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ತೂಕದ ಚೀಟಿಗಳನ್ನು ಪೆನ್‌ಡ್ರೈವಿನಲ್ಲಿ ಶೋಧಿಸಿ ತರುವುದು ತುಸು ಶ್ರಮವೇ ಆದರೂ, ಅಂತಹ ಯಂತ್ರವನ್ನು ಲೆಕ್ಕದ ಜಾಲದಿಂದ ಹೊರಗಿಡುವುದೇ ಮೇಲು.

ದುರಸ್ತಿಯವರಿಂದ ಪಡೆಯಬೇಕಾದದ್ದು

ಕೆಲಸ ಮುಗಿದಾಗ ‘ಈಗ ಸರಿಯಾಗಿದೆ’ ಎಂಬ ಮಾತಿಗೆ ಹಣ ಕೊಡಬಾರದು. ಅದೇ 1 ಗಿಗಾಬೈಟ್ ಕಡತವನ್ನು ಎರಡೂ ದಿಕ್ಕಿನಲ್ಲಿ ನಕಲು ಮಾಡಿಸಿ, ಹಿಂದಿನ ಮತ್ತು ಈಗಿನ ಸಮಯವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಬೇಕು. ಪ್ರತಿ ಯಂತ್ರದ ಲಿಂಕ್ ಸ್ಪೀಡ್, ಐಪಿ ವಿಳಾಸ, ಬದಲಿಸಿದ ಹೊಂದಾಣಿಕೆಗಳು ಒಂದು ಹಾಳೆಯಲ್ಲಿರಲಿ. ಕೇಬಲ್ಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಆ ಹಾಳೆಯ ಒಂದು ಪ್ರತಿಯನ್ನು ಸ್ವಿಚ್ಚಿನ ಪಕ್ಕದ ಗೋಡೆಗೆ ಹಚ್ಚಿಡಬೇಕು.