*ಇಂದಿನ ಧಮ್ಮ ಚಿಂತನೆ: ಮಗುವಿಗೆ ಎರಡನೆಯ ಬಾಣ ತಾಗದಿರಲಿ*





1901ರಲ್ಲಿ ಸಾತಾರಾದಿಂದ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಅವರಲ್ಲಿ ಒಬ್ಬ ಒಂಬತ್ತು ವರ್ಷದ ಭೀಮ. ಒಳ್ಳೆಯ ಬಟ್ಟೆ ತೊಟ್ಟಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ಟರ್ ವಿಚಾರಿಸಿದ. ಮಹಾರರು ಎಂದು ತಿಳಿದೊಡನೆ ಅವನ ಮುಖವೇ ಬದಲಾಯಿತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು. ಬುತ್ತಿ ಇತ್ತು, ನೀರು ಕೊಡುವವರು ಇರಲಿಲ್ಲ. ಹಸಿದೇ ಮಲಗಿದರು.

ದಶಕಗಳ ನಂತರ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಬರೆದಾಗಲೂ ಬಾಬಾಸಾಹೇಬರ ಮನಸ್ಸಿನಿಂದ ಅದು ಅಳಿಸಿರಲಿಲ್ಲ. "ಮಕ್ಕಳಲ್ವಾ, ಮರೆತುಬಿಡ್ತಾರೆ" ಅನ್ನುತ್ತೇವೆ. ಮಕ್ಕಳು ಮರೆಯುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ ಅಷ್ಟೇ.

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ದೇಹಕ್ಕೆ ಆದ ನೋವು ಮೊದಲ ಬಾಣ. ಅದಕ್ಕಾಗಿ ಮನಸ್ಸು ಪಡುವ ಸಂಕಟ ಎರಡನೆಯದು. ಅಭ್ಯಾಸವಿರುವ ದೊಡ್ಡವರು ಎರಡನೆಯದನ್ನು ತಪ್ಪಿಸಿಕೊಳ್ಳಬಹುದು. ಮಗುವಿಗೆ ಆ ಬಲ ಇನ್ನೂ ಬಂದಿಲ್ಲ. ಎಷ್ಟೋ ಸಲ ಆ ಬಾಣ ಬಿಡುವವರು ಮನೆಯವರಾದ ನಾವೇ. "ನೀನೇನು ಮಾಡಿದ್ದೆ?", "ಅಳಬೇಡ, ಗಂಡು ಹುಡುಗ", "ಯಾರಿಗೂ ಹೇಳಬೇಡ, ಮರ್ಯಾದೆ ಹೋಗುತ್ತೆ", "ಎಲ್ಲಾ ಪೂರ್ವಜನ್ಮದ ಕರ್ಮ". ಈ ಕೊನೆಯ ಮಾತನ್ನಂತೂ ಬಾಬಾಸಾಹೇಬರು ಬುದ್ಧ ಧಮ್ಮದ ಮಾತೇ ಅಲ್ಲವೆಂದು ತಳ್ಳಿಹಾಕಿದ್ದಾರೆ.

*ಹಾಗಾದರೆ ಏನು ಮಾಡಬೇಕು?*

🔹 ಶಾಲೆಗೆ ಹೋಗಲ್ಲ ಎಂಬ ಹಟ, ಪದೇ ಪದೇ ಹೊಟ್ಟೆನೋವು, ನಿದ್ದೆಯಲ್ಲಿ ಬೆಚ್ಚುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗುವುದು: ಇವು ನಾಟಕ ಇರಲಾರದು. ಬೈಯಬೇಡಿ, ಏನಾಯಿತೆಂದು ಮೆಲ್ಲನೆ ತಿಳಿಯಿರಿ.

🔹 ಪಕ್ಕದಲ್ಲಿ ಕುಳಿತು ಕೇಳಿ. ಬಲವಂತವಾಗಿ ಬಾಯಿ ಬಿಡಿಸಬೇಡಿ. ಮಗು ಚಿತ್ರ ಬಿಡಿಸಿ, ಆಟವಾಡಿ ಹೇಳಿದರೂ ಸರಿಯೇ.

🔹 "ನಾನು ನಂಬ್ತೀನಿ. ತಪ್ಪು ನಿಂದಲ್ಲ" ಅನ್ನಿ. ಒಂದೇ ಸಲ ಅಲ್ಲ, ಮತ್ತೆ ಮತ್ತೆ.

🔹 ಊಟ, ಆಟ, ನಿದ್ದೆ ದಿನವೂ ಅದೇ ಹೊತ್ತಿಗೆ ಇರಲಿ. ಇದರಿಂದ ಮಗುವಿಗೆ ಧೈರ್ಯ ಬರುತ್ತದೆ. ರಾತ್ರಿ ಐದು ನಿಮಿಷ ಜೊತೆಯಲ್ಲಿ ಉಸಿರನ್ನು ಗಮನಿಸಿ. ಮಗುವಿಗೆ ಬೇಡವೆನಿಸಿದರೆ ಬಿಟ್ಟುಬಿಡಿ.

🔹 ವಾರಗಳಾದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಿಂಸೆ, ದೌರ್ಜನ್ಯ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ.

ಒಂದು ಮಾತು ನೆನಪಿರಲಿ. ಎರಡನೆಯ ಬಾಣ ತಡೆಯುವುದೆಂದರೆ ಮೊದಲ ಬಾಣ ಬಿಟ್ಟವರನ್ನು ಸುಮ್ಮನೆ ಬಿಡುವುದಲ್ಲ. ಜಾತಿ ಹಿಡಿದು ಮಗುವನ್ನು ಅವಮಾನಿಸಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ದೂರು ಕೊಡುವುದು ದೊಡ್ಡವರ ಕೆಲಸ. ಆ ಹೊರೆ ಮಗುವಿನ ಹೆಗಲಿಗೆ ಬೇಡ. ತನ್ನ ಪರವಾಗಿ ಮನೆಯವರು ಎದ್ದು ನಿಂತರು ಎಂಬುದೂ ಮಗುವಿನ ಗಾಯಕ್ಕೆ ಮದ್ದೇ.

*ಇಂದಿನ ಸಂಕಲ್ಪ:* ಇಂದು ಸಂಜೆ ಫೋನು ಬದಿಗಿಟ್ಟು, ಹತ್ತು ನಿಮಿಷ ನನ್ನ ಮಗುವಿನ ಮಾತನ್ನು ನಡುವೆ ತಡೆಯದೆ ಕೇಳುತ್ತೇನೆ.

ನಮೋ ಬುದ್ಧಾಯ, ಜೈ ಭೀಮ್ 🌼